ಮೂವರು ಪೊಲೀಸರ ಹೊಟ್ಟೆನೋವು

ನನ್ನ ತಂಗಿಯ ಗಂಡ ದೆಲಿಯೊಗೆ ಹೊಟ್ಟೆ ಕೆಟ್ಟಿದ್ದನ್ನು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ. ಕಲ್ಲು ಕೊಟ್ಟರೂ ಅರಗಿಸಿಕೊಳ್ಳುವ ಆಸಾಮಿ. ಮದುವೆಮನೆಯಲ್ಲಿ ಮಿಕ್ಕ ಹಂದಿಮಾಂಸವನ್ನು ಎರಡು ದಿನ ಬಿಟ್ಟು ತಿಂದು, ಬೆರಳು ನೆಕ್ಕಿ, ಇನ್ನೂ ಇದೆಯಾ ಎಂದು ಕೇಳಿದವನು. ಅಂಥವನು ಮೇಯರ್ ಎಸ್ಕೊಬಿದೊ ಸತ್ತ ದಿನ, ಸರಿಯಾಗಿ ಗುಂಡು ಹಾರುವ ಹೊತ್ತಿಗೆ, ನನ್ನ ಹಿತ್ತಲ ಕಕ್ಕಸಿನಲ್ಲಿ ಕೂತು ನರಳುತ್ತಿದ್ದನಂತೆ. ಮನಿಲಾದಿಂದ ಬಂದ ತನಿಖೆಯವರ ಮುಂದೆ ಹಾಗಂತ ಹೇಳಿಕೆ ಬರೆದುಕೊಟ್ಟ. ಕಾರಣ ನನ್ನ ಅಡುಗೆಯಂತೆ!

ಸಾನ್ ಗ್ರೆಗೋರಿಯೊ ಊರಿನಲ್ಲಿ ತೊಮಾಸಾಳ ಊಟದಂಗಡಿ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಪುರಸಭೆಯ ಎದುರಿಗೇ ಇದೆ. ಮುಂದೆ ಅಂಗಡಿ, ಹಿಂದೆ ಅಮ್ಮನೂ ನಾನೂ, ಮಹಡಿ ಮೇಲೆ ತಂಗಿ ನೆನಿತಾ, ಅವಳ ಗಂಡ, ಮಗಳು ಲೊರೆಲಿ. ದೆಲಿಯೊ ಪೊಲೀಸ್ ಸಾರ್ಜೆಂಟ್, ಮೇಯರ್‌ನ ಅಂಗರಕ್ಷಕ. ಸಂಬಳವೆಲ್ಲ ಅವನ ಅಂಕದ ಹುಂಜಗಳಿಗೆ. ಮನೆ ನಡೆಯುವುದು, ಲೊರೆಲಿಯ ನರ್ಸಿಂಗ್ ಓದು ನಡೆಯುವುದು ನನ್ನ ಸೌಟಿನಿಂದ. ನಾನು ಮದುವೆಯಾಗಲಿಲ್ಲ. ಒಬ್ಬ ಗಂಡಸಿಗೆ ಪುಕ್ಕಟೆ ಬಡಿಸುತ್ತಿದ್ದೇನೆ, ಅಷ್ಟು ಸಾಕಾಗಿದೆ.

ಆ ಸೋಮವಾರ ನಡೆದದ್ದು ಇಷ್ಟು. ಬೆಳಿಗ್ಗೆ ಪುರಸಭೆಯ ಮುಂದೆ ಧ್ವಜವಂದನೆ. ಮೇಯರ್ ಭಾಷಣ ಮಾಡುತ್ತಿದ್ದ. ಅವನ ಭಾಷಣ ಎಂದರೆ ಗೊತ್ತಲ್ಲ, ಹಾಕಿಸದ ರಸ್ತೆಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವ ಮನುಷ್ಯ. ಅವನ ಪಕ್ಕದಲ್ಲಿ ನಿಲ್ಲಬೇಕಾಗಿದ್ದ ದೆಲಿಯೊ ನನ್ನ ಅಂಗಡಿಯ ಮೂಲೆ ಮೇಜಿನಲ್ಲಿ ಕೂತು ದಿನುಗುವಾನ್ ತಿನ್ನುತ್ತಿದ್ದ. ಹಂದಿಯ ರಕ್ತ, ಕರುಳು ಹಾಕಿ ಹುಳಿಯಾಗಿ ಮಾಡುವ ಸಾರು ಅದು. ಸೋಮವಾರ ಅದನ್ನು ತಿನ್ನಲೆಂದೇ ಮೂರು ಚಕ್ರದ ಗಾಡಿ ಓಡಿಸುವವರು ಸಾಲುಗಟ್ಟುತ್ತಾರೆ. ದೆಲಿಯೊ ಒಂದು ತಟ್ಟೆ ಮುಗಿಸಿ ಇನ್ನೊಂದು ಹಾಕಿಸಿಕೊಂಡ. ಮೊಬೈಲ್ ತಟ್ಟೆಯ ಪಕ್ಕದಲ್ಲೇ ಇತ್ತು. ಒಂದು ಸಲ ಬಡಿದುಕೊಂಡಿತು, ಎತ್ತದೆ ಕತ್ತರಿಸಿದ. ಗುಂಡಿನ ಸದ್ದು ಕೇಳಿದಾಗ ಗಾಡಿಯವರೆಲ್ಲ ಮೇಜಿನ ಕೆಳಗೆ ನುಗ್ಗಿದರು. ಇವನು ಬಾಯಿ ಒರೆಸಿಕೊಂಡು ಆಮೇಲೆ ಓಡಿದ. ಹೊಟ್ಟೆಬಾಕ, ಹೇಡಿ ಎಂದಷ್ಟೇ ಅಂದುಕೊಂಡೆ. ಅದರಲ್ಲಿ ಹೊಸದೇನಿತ್ತು?

ಬೈಕಿನಲ್ಲಿ ಬಂದ ಇಬ್ಬರು ಕೆಲಸ ಮುಗಿಸಿ ಹೋಗಿದ್ದರು. ಮೇಯರ್ ಧ್ವಜದ ಕಂಬದ ಬುಡದಲ್ಲಿ ಸತ್ತುಬಿದ್ದಿದ್ದ. ಕಾವಲಿಗಿದ್ದ ಮೂವರು ಪೊಲೀಸರಲ್ಲಿ ಒಬ್ಬನೂ ಹತ್ತಿರದಲ್ಲಿರಲಿಲ್ಲ.

ಎರಡು ದಿನ ಬಿಟ್ಟು ರಾತ್ರಿ ಊಟಕ್ಕೆ ಕೂತಾಗ ದೆಲಿಯೊ ಗಂಟಲು ಸರಿಮಾಡಿಕೊಂಡ.

"ಅಕ್ಕ, ನೀವೊಂದು ಉಪಕಾರ ಮಾಡ್ಬೇಕು."

"ಮೀನು ಇನ್ನೊಂದು ತುಂಡು ಬೇಕಾ? ಇಲ್ಲ, ಮುಗೀತು."

"ಮೀನಲ್ಲ. ಸೋಮವಾರ ನಿಮ್ಮ ಸಾರು ಕೆಟ್ಟಿತ್ತು ಅಂತ ತನಿಖೆಯವರಿಗೆ ಹೇಳ್ಬೇಕು. ಹಿಂದಿನ ದಿನದ್ದನ್ನೇ ಬಿಸಿ ಮಾಡಿ ಹಾಕ್ದೆ ಅಂತ. ನಾನು ಆಗಲೇ ಬರೆದು ಕೊಟ್ಟಾಯ್ತು."

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

"ನನ್ನ ಸಾರು ಕೆಟ್ಟಿತ್ತಾ? ಎರಡು ತಟ್ಟೆ ತಿಂದೆಯಲ್ಲೋ ಮಾರಾಯ!"

"ಊಟ ಮಾಡ್ತಾ ಕೂತಿದ್ದೆ ಅಂದ್ರೆ ಕರ್ತವ್ಯಲೋಪ ಅಂತ ಮನೆಗೆ ಕಳಿಸ್ತಾರೆ ಅಕ್ಕ. ಪಿಂಚಣಿ ಹೋಗುತ್ತೆ. ಹುಷಾರಿರಲಿಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ? ಉಳಿದ ಇಬ್ಬರೂ ಹಾಗೇ ಬರೆದುಕೊಟ್ಟಿದ್ದಾರೆ."

"ಅವರಿಬ್ಬರಿಗೂ ಹೊಟ್ಟೆನೋವಾ?"

"ಹ್ಞೂಂ. ನಿಮ್ಮ ಸಾರಿಂದಾನೇ."

ಲೊರೆಲಿ ಅನ್ನದ ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪ, ಮೂರು ಜನಕ್ಕೂ ಒಂದೇ ಹೊತ್ತಿಗಾ? ಇರೋದು ಒಂದೇ ಕಕ್ಕಸು."

"ನೀನು ಸುಮ್ನೆ ಊಟ ಮಾಡು."

"ಇಲ್ಲ, ಸರದಿಯಲ್ಲಿ ನಿಂತಿದ್ರಾ ಅಂತ ಕೇಳ್ದೆ ಅಷ್ಟೆ."

ಅಮ್ಮ ಕಿಸಕ್ಕನೆ ನಕ್ಕಳು. ಆಮೇಲೆ ಅಳಿಯನ ಮುಖ ನೋಡಿ ನಗು ನುಂಗಿದಳು. ಅಮ್ಮನ ಕೈಯಲ್ಲೂ ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನಂತೆ, ಅಳಿಯ ಹೊಟ್ಟೆ ಹಿಡಿದುಕೊಂಡು ಓಡಿದ್ದನ್ನು ಕಣ್ಣಾರೆ ಕಂಡೆ ಎಂದು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ತಟ್ಟೆಯಲ್ಲಿರುವುದು ಮೀನೋ ಬದನೆಕಾಯೋ ಎಂದು ನಾವು ಹೇಳಬೇಕು.

"ನನ್ನ ಅಂಗಡಿ ಏನಾಗ್ಬೇಕು?" ಎಂದೆ. "ಕೆಟ್ಟ ಸಾರು ಹಾಕ್ತಾಳೆ ಅಂತ ನಾನೇ ಹೇಳಿದ ಮೇಲೆ ಇಲ್ಲಿಗೆ ನಾಯಿ ಬರುತ್ತಾ? ನಿನ್ನ ಮಗಳ ಕಾಲೇಜಿಗೆ ನಿನ್ನ ಹುಂಜ ಕಟ್ಟುತ್ತಾ?"

ಆಗ ನೆನಿತಾ ಅಳಲು ಶುರು ಮಾಡಿದಳು. ಅವಳ ಅಳು ನನಗೆ ಚಿಕ್ಕಂದಿನಿಂದ ಗೊತ್ತು. ಮೊದಲು ಮೂಗು, ಆಮೇಲೆ ಕಣ್ಣು. "ಜನ ಮರೀತಾರೆ ಅಕ್ಕ. ಅವರ ಕೆಲಸ ಹೋದ್ರೆ ನಾನು ಬೀದಿಗೆ ಬೀಳ್ತೀನಿ. ನನಗೋಸ್ಕರ ಹೇಳು."

ನನ್ನ ದೌರ್ಬಲ್ಯವೇ ಅವಳು. ಹೊಟ್ಟೆಬಾಕತನಕ್ಕೆ ಒಬ್ಬನ ಪಿಂಚಣಿ ಹೋಗುವುದೂ ಸ್ವಲ್ಪ ಹೆಚ್ಚೇ ಅನ್ನಿಸಿತು. "ಹೆಣ ಮಣ್ಣಾಗಲಿ, ಆಮೇಲೆ ಹೇಳ್ತೀನಿ" ಎಂದೆ. ದೆಲಿಯೊ ಸಮಾಧಾನದಿಂದ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.

ಹೆಣ ಪುರಸಭೆಯ ಸಭಾಂಗಣದಲ್ಲಿತ್ತು. ದಿನವಿಡೀ ಜನ, ಪ್ರಾರ್ಥನೆ, ಇಸ್ಪೀಟು, ಕಾಫಿ. ಅಡುಗೆಯ ಕೆಲಸ ನನಗೇ ಬಂದಿತ್ತು. ಮೇಯರ್‌ನ ಹೆಂಡತಿ ಪುರಿಫಿಕಾಸಿಯೊನ್ ಬಹಳ ಗಟ್ಟಿ ಹೆಂಗಸು. ಅತ್ತಿದ್ದನ್ನು ಯಾರೂ ನೋಡಲಿಲ್ಲ. ಶವಪೆಟ್ಟಿಗೆಯ ಗಾಜಿನ ಮೇಲೆ ಒಂದು ಕೋಳಿಮರಿ ಬಿಟ್ಟು, ಅದರ ಮುಂದೆ ಅಕ್ಕಿಕಾಳು ಹಾಕಿದ್ದಳು. ಕೊಲೆಯಾದವರಿಗೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಮರಿ ಗಾಜು ಕುಕ್ಕಿದಷ್ಟೂ ಕೊಂದವನ ಎದೆ ಕುಕ್ಕುತ್ತದೆ, ಅವನು ನಿದ್ದೆ ಬಿಟ್ಟು ಬಾಯಿಬಿಡುತ್ತಾನೆ ಎಂದು ನಂಬಿಕೆ. ಊರಿನ ಹೆಂಗಸರೆಲ್ಲ ಪೆಟ್ಟಿಗೆಯ ಸುತ್ತ ಕೂತು ಸತ್ತವನ ಮುಖ ಬಿಟ್ಟು ಮರಿಯ ಕೊಕ್ಕನ್ನೇ ನೋಡುತ್ತಿದ್ದರು.

"ಅಜ್ಜಿ ಕಾಲದ ಕಥೆ" ಎಂದು ದೆಲಿಯೊ ಮನೆಯಲ್ಲಿ ನಕ್ಕಿದ್ದ. "ಮರಿ ಕುಕ್ಕಿದ್ರೆ ಕೊಲೆಗಾರ ಸಿಗ್ತಾನೆ ಅಂದ್ರೆ ಪೊಲೀಸ್ ಠಾಣೆ ಮುಚ್ಚಿ ಕೋಳಿಫಾರಂ ತೆಗೀಬಹುದು."

ಠಾಣೆಗಿಂತ ಫಾರಂ ವಾಸಿ, ಮೊಟ್ಟೆಯಾದರೂ ಸಿಗುತ್ತದೆ ಎಂದು ನಾನೂ ಅಂದಿದ್ದೆ.

ಮೇಯರ್ ಇವನ ಮದುವೆಗೆ ಧರ್ಮತಂದೆಯಾಗಿ ನಿಂತವನು. ಆದ್ದರಿಂದ ಪೆಟ್ಟಿಗೆಯ ಪಕ್ಕ ಕಾವಲು ನಿಲ್ಲುವ ಗೌರವ ಇವನಿಗೇ ಸಿಕ್ಕಿತ್ತು. ಎದೆ ಉಬ್ಬಿಸಿಕೊಂಡು, ಬೂಟಿಗೆ ಪಾಲಿಶ್ ಹಾಕಿಕೊಂಡು ನಿಂತಿದ್ದ. ಶುಕ್ರವಾರ ಮಧ್ಯಾಹ್ನ ಜನರೆಲ್ಲ ಊಟಕ್ಕೆ ಎದ್ದಾಗ ನಾನು ಖಾಲಿ ಪಾತ್ರೆ ಎತ್ತಿಕೊಳ್ಳಲು ಹಿಂಬಾಗಿಲಿನಿಂದ ಒಳಗೆ ಹೋದೆ. ಸಭಾಂಗಣದಲ್ಲಿ ದೆಲಿಯೊ ಒಬ್ಬನೇ ಇದ್ದ. ಮರಿ ಟಕ್ ಟಕ್ ಎಂದು ಗಾಜು ಕುಕ್ಕುತ್ತಿತ್ತು. ಇವನು ಆ ಕಡೆ ಈ ಕಡೆ ನೋಡಿದ. ಅಂಗೈಯಿಂದ ಗಾಜನ್ನು ಸವರಿದ, ಕಾಳನ್ನೆಲ್ಲ ಬಾಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಒಂದೇ ಒಂದು ಕಾಳು ಉಳಿದಿತ್ತು. ಅದನ್ನೂ ಉಗುರಿನಿಂದ ಎತ್ತಿದ. ಮರಿ ಸುಮ್ಮನೆ ನಿಂತಿತು. ಇವನು ಹಣೆಯ ಬೆವರು ಒರೆಸಿಕೊಂಡ.

ಮರಿ ಕುಕ್ಕಿದರೆ ಇವನಿಗೇಕೆ ಬೆವರು? ಪಾತ್ರೆ ಅಲ್ಲೇ ಬಿಟ್ಟು ಹಿಂದಿನಿಂದಲೇ ಹೊರಗೆ ಬಂದೆ.

ಊಟ ಮುಗಿಸಿ ಬಂದ ಪುರಿಫಿಕಾಸಿಯೊನ್ ಕೇಳಿದಳಂತೆ, "ಅಕ್ಕಿ ಎಲ್ಲಿ ಹೋಯ್ತು?" ಎಂದು.

"ಮರಿ ತಿಂತು, ಅಮ್ಮ."

"ಅಷ್ಟೂ?"

"ಹಸಿದಿತ್ತು ಪಾಪ."

ಅವಳು ಇನ್ನೊಂದು ಹಿಡಿ ತಂದು ಸುರಿದಳಂತೆ. ದಿನಾ ಬರುವವರ ಬಾಯಲ್ಲಿ ಈ ಮಾತು ನನ್ನ ಅಂಗಡಿಗೂ ಬಂತು.

ಭಾನುವಾರ ನೆನಿತಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಈರುಳ್ಳಿ ಬಿಡಿಸುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಗಂಡನ ಪ್ಯಾಂಟಿನ ಜೇಬು ತಿರುವಿದಾಗ ನೊರೆಯ ಮೇಲೆ ಅಕ್ಕಿ ಉದುರಿತು. ಅವಳು ಕಾಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು.

"ಹುಂಜಕ್ಕೆ ಹಾಕೋದು ಇರ್ಬೇಕು" ಎಂದಳು, ನನ್ನ ಕಡೆ ತಿರುಗದೆ.

"ಅವನ ಹುಂಜ ಜೋಳ ಬಿಟ್ಟು ಬೇರೆ ಮುಟ್ಟುತ್ತಾ?"

ಅವಳು ಜೇಬನ್ನು ಮತ್ತೆ ತಿರುವಿ ಕೊಡವಿದಳು.

"ನೆನಿ, ಅವನು ಗಾಜಿನ ಮೇಲಿಂದ ಬಾಚಿದ್ದನ್ನ ನಾನೇ ನೋಡಿದೆ. ನಿನ್ನ ಗಂಡನದು ಬರೀ ತಿನ್ನೋ ಚಪಲ ಅಲ್ಲ. ಗುಂಡು ಹಾರುತ್ತೆ ಅಂತ ಅವನಿಗೆ ಮೊದಲೇ ಗೊತ್ತಿತ್ತು."

ತಂಗಿ ಕಾಳನ್ನು ಬಚ್ಚಲಿಗೆ ಎಸೆದು ಒಂದು ತಂಬಿಗೆ ನೀರು ಸುರಿದಳು. ಪ್ಯಾಂಟನ್ನು ಮತ್ತೆ ಕಲ್ಲಿಗೆ ಬಡಿದಳು. ಆಮೇಲೆ ಕೇಳಿದಳು, "ನೀನು ಹೇಳಿಕೆ ಕೊಡ್ತೀಯ ತಾನೇ?"

ಅವನ ಬಗ್ಗೆ ನನಗೆ ಅಸಹ್ಯ ಹಳೆಯದು. ಅವಳ ಬಗ್ಗೆ ಅವತ್ತೇ ಮೊದಲು. ಥೂ ಎಂದು ಈರುಳ್ಳಿ ಬುಟ್ಟಿ ಎತ್ತಿಕೊಂಡು ಒಳಗೆ ನಡೆದೆ.

ಮಣ್ಣು ಮಾಡಿದ ವಾರದಲ್ಲೇ ಉಪಮೇಯರ್ ವೆಲಾರ್ದೆ ಮೇಯರ್ ಕುರ್ಚಿಯಲ್ಲಿ ಕೂತ. ಕಪ್ಪು ಕನ್ನಡಕ ಹಾಕಿಕೊಂಡು ಶವಯಾತ್ರೆಯಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನೇ ಅವನು. ಮರುದಿನ ನಮ್ಮ ಬಾಗಿಲಿಗೆ ಅವನ ಕಡೆಯಿಂದ ಎರಡು ಮೂಟೆ ಅಕ್ಕಿ ಬಂತು. ಒಳ್ಳೆ ಸಣ್ಣಕ್ಕಿ, ಘಮಘಮ. ನಾನು ಅಂಗಡಿಗೆ ಬಳಸುವುದಿಲ್ಲ ಎಂದೆ. ನೆನಿತಾ ಮಹಡಿ ಮೇಲೆ ಬೇರೆ ಒಲೆ ಹೂಡಿ ಬೇಯಿಸಿದಳು.

"ಅನ್ನ ಮಲ್ಲಿಗೆ ಹೂವಿನ ಹಾಗಿದೆ ಕಣೇ" ಎಂದು ಅಮ್ಮ ಎರಡು ಸಲ ಹಾಕಿಸಿಕೊಂಡು ಬಂದಳು.

"ಯಾರದು ಅಂತ ಗೊತ್ತೇನಮ್ಮ?"

"ನನ್ನ ವಯಸ್ಸಿಗೆ ಅದೆಲ್ಲ ಯಾಕೆ? ಹಲ್ಲಿಗೆ ಮೆತ್ತಗಿದ್ರೆ ಸಾಕು."

ಇತ್ತ ನನ್ನ ಅಂಗಡಿ ಸೊರಗುತ್ತಿತ್ತು. ಮೂವರು ಪೊಲೀಸರ ಹೊಟ್ಟೆಯ ಸುದ್ದಿ ಊರೆಲ್ಲ ಹರಡಿತ್ತು. ಪುರಸಭೆಯ ಗುಮಾಸ್ತರು ಮೂಲೆಯ ಚೀನೀಯನ ಅಂಗಡಿಗೆ ಹೋಗತೊಡಗಿದರು. ಗಾಡಿ ಓಡಿಸುವ ಬೆರ್ತೊ ಮಾತ್ರ ಬಿಡಲಿಲ್ಲ. ಬಂದು ಕೂತು, "ತೊಮಾಸಕ್ಕ, ಇವತ್ತು ಯಾವ ಅಧಿಕಾರಿಗೆ ಮಾಡಿದ್ದೀಯ? ನಮಗೆ ಸಾಮಾನ್ಯರದ್ದು ಹಾಕು" ಎನ್ನುತ್ತಿದ್ದ. ನಗುವಂತಿರಲಿಲ್ಲ. ಸಂಜೆ ಪಾತ್ರೆಗಟ್ಟಲೆ ಅನ್ನ ಪಕ್ಕದ ಮನೆಯ ಹಂದಿಗೆ ಹೋಗುತ್ತಿತ್ತು. ಲೊರೆಲಿ ಕಾಲೇಜಿನಿಂದ ಬಂದು ಆ ಪಾತ್ರೆ ನೋಡಿ ನೇರವಾಗಿ ಅಪ್ಪನ ಮುಂದೆ ನಿಂತಳು. ಅವನು ಆಗ ಅಮಾನತಿನಲ್ಲಿದ್ದ. ಬನಿಯನ್ ಹಾಕಿಕೊಂಡು ಹುಂಜದ ಕಾಲು ತಿಕ್ಕುತ್ತಿದ್ದ.

"ಅಪ್ಪ, ನಿಮಗೆ ನಿಜವಾಗ್ಲೂ ಹೊಟ್ಟೆನೋವಿತ್ತಾ?"

"ನಿಮ್ಮಪ್ಪನ್ನೇ ವಿಚಾರಣೆ ಮಾಡ್ತೀಯಾ?"

"ಹೌದೋ ಅಲ್ವೋ, ಅಷ್ಟು ಹೇಳಿ."

"ನಿನ್ನನ್ನ ಓದಿಸ್ತಿರೋದು ಇದಕ್ಕಾ?"

"ಓದಿಸ್ತಿರೋದು ದೊಡ್ಡಮ್ಮ" ಎಂದಳು ಹುಡುಗಿ. ಅವನು ಕೈ ಎತ್ತಿದ. ನಾನು ಬಾಗಿಲಲ್ಲಿ ನಿಂತಿರುವುದು ಕಂಡು ಆ ಕೈಯಿಂದ ಹುಂಜದ ಬೆನ್ನು ಸವರಿದ.

ತನಿಖೆಯ ಮುಖ್ಯಸ್ಥೆ ಕ್ಯಾಪ್ಟನ್ ಬಾಲಿಂಗಿತ್ ಎಂಬ ಹೆಂಗಸು. ಕುಳ್ಳಗೆ, ದಪ್ಪಗೆ, ಶಾಲೆಯ ಟೀಚರ್ ಹಾಗಿದ್ದಳು. ನನ್ನನ್ನು ಠಾಣೆಗೆ ಕರೆಸುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಸೋಮವಾರ ಹಸಿದ ಹೊತ್ತಿಗೆ ತಾನೇ ಅಂಗಡಿಗೆ ಬಂದು ಕೂತಳು.

"ಏನಿದೆ?"

"ದಿನುಗುವಾನ್ ಇದೆ, ಹುರಿದ ಮೀನಿದೆ, ಸೊಪ್ಪಿದೆ."

"ದಿನುಗುವಾನ್ ಹಾಕಿ."

ಬಡಿಸುವಾಗ ಕರುಳಿನ ತುಂಡು ಎರಡು ಹೆಚ್ಚೇ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಮಹಡಿಯ ಮೆಟ್ಟಿಲ ಮೇಲೆ ದೆಲಿಯೊ ಬಂದು ನಿಂತಿದ್ದ. ಅವನ ಹಿಂದೆ ನೆನಿತಾ. ಅಮ್ಮ ಆಗಲೇ ಕುರ್ಚಿ ಎಳೆದುಕೊಂಡು ಹತ್ತಿರ ಕೂತಿದ್ದಳು, ಏನೂ ಕಾಣದಿದ್ದರೂ ಎಲ್ಲ ಕೇಳಿಸಿಕೊಳ್ಳಲು. ಅರ್ಧ ತಟ್ಟೆಯಾದ ಮೇಲೆ ಕ್ಯಾಪ್ಟನ್ ಕೇಳಿದಳು.

"ಈ ಸಾರು ತಿಂದು ಮೂವರು ಪೊಲೀಸರಿಗೆ ಹೊಟ್ಟೆ ಕೆಟ್ಟಿತಂತೆ. ಹೌದಾ?"

ನಾನು ಬಾಯಿ ತೆರೆಯುವ ಮೊದಲೇ ಬೆರ್ತೊ ಹಿಂದಿನ ಮೇಜಿನಿಂದ ಕೂಗಿದ. "ಅವತ್ತು ನಾವು ಒಂದು ಗುಂಪೇ ತಿಂದಿದ್ವಿ ಮೇಡಂ. ನಮಗೆ ಸಮವಸ್ತ್ರ ಇಲ್ವಲ್ಲ, ಅದಕ್ಕೆ ಏನೂ ಆಗ್ಲಿಲ್ಲ."

ಅಂಗಡಿಯೆಲ್ಲ ನಕ್ಕಿತು. ಕ್ಯಾಪ್ಟನ್ ನಗಲಿಲ್ಲ. "ನಾನು ಅಡುಗೆಯವರನ್ನ ಕೇಳಿದ್ದು."

"ಅಕ್ಕ..." ಎಂದಳು ನೆನಿತಾ ಮೆಟ್ಟಿಲಿನಿಂದ. ಮೂಗು ಆಗಲೇ ಕೆಂಪಾಗಿತ್ತು.

ಒಂದು ಕ್ಷಣ ಆ ಮೂಗು ನೋಡಿದೆ. ಆಮೇಲೆ ಸಂಜೆ ಹಂದಿಗೆ ಹೋಗುವ ಪಾತ್ರೆ ನೆನಪಾಯಿತು. ಹಣೆಯ ಬೆವರು ಒರೆಸಿಕೊಂಡ ಆ ಕೈಯೂ ನೆನಪಾಯಿತು. ಇವನು ಮೇಯರ್‌ನನ್ನು ಮಾರಿದ್ದಲ್ಲದೆ ನನ್ನ ಸೌಟನ್ನೂ ಜೊತೆಗೆ ಸೇರಿಸಿ ಕೊಟ್ಟಿದ್ದ.

"ನನ್ನ ಸಾರು ಕೆಟ್ಟಿರಲಿಲ್ಲ ಮೇಡಂ" ಎಂದೆ. "ಬೆಳಗಿನ ಜಾವ ಎದ್ದು ಮಾಡಿದ್ದು. ಉಳಿದ ಇಬ್ಬರು ಅವತ್ತು ಈ ಹೊಸ್ತಿಲು ತುಳಿದೇ ಇಲ್ಲ. ನನ್ನ ತಂಗಿ ಗಂಡ ಬಂದಿದ್ದ. ಮೂಲೆಯಲ್ಲಿ ಕೂತಿದ್ದ. ಎರಡು ತಟ್ಟೆ ಹೊಡೆದ. ಕಕ್ಕಸಿನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಒಂದು ಫೋನ್ ಬಂತು. ಎತ್ತಲಿಲ್ಲ, ಕತ್ತರಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ ನಿಧಾನವಾಗಿ ತಿನ್ನೋಕೆ ಶುರು ಮಾಡಿದ. ಅವನು ನಿಧಾನವಾಗಿ ತಿಂದಿದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಗುಂಡು ಹಾರಿದ ಮೇಲೆ ಬಾಯಿ ಒರೆಸಿಕೊಂಡು ಎದ್ದ."

ಕೋಳಿಮರಿಯ ಮಾತು ನಾನು ಎತ್ತಲಿಲ್ಲ. ಮರಿಯ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ನಡೆಯುವುದಿಲ್ಲ.

"ಅವಳಿಗೆ ನನ್ನ ಮೇಲೆ ಮೊದಲಿಂದ ಹೊಟ್ಟೆಕಿಚ್ಚು!" ಎಂದು ದೆಲಿಯೊ ಕೂಗಿದ. "ಗಂಡ ಇಲ್ಲದ ಹೆಂಗಸು, ಅವಳ ಮಾತು..."

"ಗಂಡ ಇಲ್ಲ, ಅದಕ್ಕೇ ನಿಜ ಹೇಳೋಕೆ ಪುರುಸೊತ್ತಿದೆ" ಎಂದೆ.

ಕ್ಯಾಪ್ಟನ್ ತಟ್ಟೆ ಮುಂದಕ್ಕೆ ತಳ್ಳಿದಳು. "ಇನ್ನೊಂದು ಹಾಕಿ" ಎಂದಳು. ಪೂರ್ತಿ ತಿಂದು, ನಾಳೆ ಬಂದು ಸಹಿ ಹಾಕಿ ಎಂದು ಹೇಳಿ ಹೋದಳು.

ಆ ಫೋನ್ ಯಾರದು ಎಂದು ಹುಡುಕಲು ಅವರಿಗೆ ಬಹಳ ದಿನ ಬೇಕಾಗಲಿಲ್ಲ. ವೆಲಾರ್ದೆಯ ಡ್ರೈವರ್‌ನದು. ದೆಲಿಯೊನನ್ನು ಕರೆದುಕೊಂಡು ಹೋದ ದಿನವೇ ಉಳಿದ ಇಬ್ಬರ ಹೊಟ್ಟೆಯೂ ವಾಸಿಯಾಯಿತು. ಎಲ್ಲ ದೆಲಿಯೊನೇ ಮಾಡಿಸಿದ್ದು ಎಂದು ಬಾಯಿಬಿಟ್ಟರು. ಪಾಪ, ಅವರನ್ನೂ ಅವನ ಜೊತೆಯಲ್ಲೇ ಕೂಡಿಹಾಕಿದರು. ಡ್ರೈವರ್ ತಲೆತಪ್ಪಿಸಿಕೊಂಡ. ವೆಲಾರ್ದೆ ಮಾತ್ರ ಈಗಲೂ ಕುರ್ಚಿಯಲ್ಲೇ ಇದ್ದಾನೆ. ಸೋಮವಾರ ಸೋಮವಾರ ಅದೇ ಕಂಬದ ಕೆಳಗೆ ಭಾಷಣ ಮಾಡುತ್ತಾನೆ, ಎದುರಿಗೆ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಈ ಊರಿನ ಮುಖಕ್ಕಿಷ್ಟು!

ನೆನಿತಾ ನನ್ನ ಜೊತೆ ಮಾತು ಬಿಟ್ಟಳು. "ಮನೆ ಮುರಿದೆ" ಎಂದದ್ದೇ ಕೊನೆಯ ಮಾತು. ಮೂಟೆ ಅಕ್ಕಿ ಮುಗಿಯುವ ತನಕ ಮಹಡಿಯ ಒಲೆ ಉರಿಯಿತು. ಅಮ್ಮ ಎರಡೂ ಕಡೆ ಊಟ ಮಾಡಿಕೊಂಡು, ಎರಡೂ ಕಡೆ ಇನ್ನೊಬ್ಬಳನ್ನು ಬೈದುಕೊಂಡು ಕಾಲ ಹಾಕಿದಳು. ಲೊರೆಲಿ ಸಂಜೆ ಕಾಲೇಜಿನಿಂದ ಬಂದು ನನ್ನ ಜೊತೆ ತಟ್ಟೆ ತೊಳೆಯುತ್ತಿದ್ದಳು. ಗುಮಾಸ್ತರು ಒಬ್ಬೊಬ್ಬರೇ ಕಳ್ಳಬೆಕ್ಕಿನ ಹಾಗೆ ವಾಪಸ್ ಬಂದರು. ಚೀನೀಯನ ಅಂಗಡಿಯಲ್ಲಿ ಉಪ್ಪು ಜಾಸ್ತಿಯಂತೆ.

ಅಕ್ಕಿ ಮುಗಿದ ವಾರ ನೆನಿತಾ ಕೆಳಗೆ ಇಳಿದು ಬಂದಳು. ಕೈಯಲ್ಲಿ ಊಟದ ಕ್ಯಾರಿಯರ್.

"ಅಕ್ಕ, ಅವರಿಗೆ ಜೈಲಿನ ಊಟ ಒಗ್ಗುತ್ತಿಲ್ಲ. ಹೊಟ್ಟೆ ಕೆಟ್ಟಿದೆ."

"ನಿಜವಾಗ್ಲೂ?"

"ನಿಜವಾಗ್ಲೂ. ಮೂರು ಜನಕ್ಕೂ."

ಲೊರೆಲಿ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. ನಾನು ನಗು ತಡೆಯಲು ಒಲೆಯ ಕಡೆ ತಿರುಗಿದೆ.

"ನಿನ್ನ ಕೈಯ ದಿನುಗುವಾನೇ ಬೇಕಂತೆ" ಎಂದಳು ತಂಗಿ, ನೆಲ ನೋಡುತ್ತಾ.

"ಕೊಡಬೇಡಿ ದೊಡ್ಡಮ್ಮ" ಎಂದಳು ಲೊರೆಲಿ.

ನಾನು ಕ್ಯಾರಿಯರ್ ಕಸಿದುಕೊಂಡು ಅಂಚಿನವರೆಗೆ ತುಂಬಿಸಿದೆ. "ಒಂದು ಮಾತು ಕೇಳ್ಕೊಂಡು ಬಾ. ಅಕ್ಕನ ಅಡುಗೆ ಹೇಗಿದೆ ಅಂತ ಕೇಳು. ಕಾವಲಿನವರಿಗೆ ಕೇಳಿಸೋ ಹಾಗೆ ಹೇಳ್ಲಿ."

ಅವಳು ಬಸ್ಸು ಹಿಡಿದು ಹೋಗಿ ಮಧ್ಯಾಹ್ನ ತಿರುಗಿ ಬಂದಳು. ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು. ತೊಳೆದಷ್ಟು ಚೊಕ್ಕಟವಾಗಿತ್ತು.

"ಏನಂದ?"

"ಏನೂ ಅನ್ನಲಿಲ್ಲ. ಮೂವರೂ ಕಚ್ಚಾಡ್ಕೊಂಡು ತಿಂದ್ರು. ಬೆರಳು ನೆಕ್ಕಿದ್ರು."

"ಆಮೇಲೆ?"

"ಲೊರೆಲಿ ಪರೀಕ್ಷೆ ಪಾಸಾದ್ಲು ಅಂದೆ. ಹೌದಾ ಅಂದ್ರು. ನಾನು ಹೇಗಿದ್ದೀನಿ ಅಂತ ಕೇಳ್ತಾರೇನೋ ಅಂತ ಕಾದೆ, ಅಕ್ಕ. ಭೇಟಿ ಮುಗೀತು ಅಂತ ಗಂಟೆ ಬಾರಿಸೋ ತನಕ ಕಾದೆ." ಅವಳ ಮೂಗು ಕೆಂಪಾಗಲಿಲ್ಲ. "ನಾಳೆ ಏನು ಅಡುಗೆ ಅಂತ ಕೇಳಿದ್ರು."

ಅಮ್ಮ ಮೂಲೆಯಿಂದ, "ಹೌದು, ನಾಳೆ ಏನೇ?" ಎಂದಳು.

ನೆನಿತಾ ಕ್ಯಾರಿಯರನ್ನು ಬಿಚ್ಚಿ ಒಂದೊಂದೇ ಡಬ್ಬಿ ತೊಳೆದಳು, ಒರೆಸಿದಳು, ಮೇಲಿನ ಹಲಗೆಯಲ್ಲಿ ಬೋರಲು ಹಾಕಿದಳು. ನನ್ನ ಕೈಯಿಂದ ಚಾಕು ತೆಗೆದುಕೊಂಡು ಈರುಳ್ಳಿಯ ಮುಂದೆ ಕೂತಳು.

"ನಾಳೆ ನಾನು ಹೋಗಲ್ಲ" ಎಂದಳು.